ಹಪ್ಪಳದ ಉದ್ಯಮ ವಹಿಸಿಕೊಳ್ಳಲು ಹಿಂಜರಿಯುತ್ತಿರುವ ಮಗಳಿಗೆ

ಸಾಗರ,
ಶಿವರಾತ್ರಿಯ ಮರುದಿನ

ಚಿರಂಜೀವಿ ಸೌಭಾಗ್ಯವತಿ ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಮೊನ್ನೆ ಕೈಸೇರಿತು. ಹನ್ನೊಂದು ವರ್ಷಗಳ ಹಿಂದೆ ಸೊಸೈಟಿಯ ಲೆಕ್ಕದ ಕೆಲಸ ಬಿಟ್ಟವಳು, ಈಗ ನಿಮ್ಮ ಬೀದಿಯ ಅಕ್ಕ ವಯಸ್ಸಾಯಿತೆಂದು ಬಿಟ್ಟುಕೊಡುತ್ತಿರುವ ಹಲಸಿನ ಹಪ್ಪಳದ ಉದ್ಯಮವನ್ನು ವಹಿಸಿಕೊಳ್ಳಬಹುದೇ ಎಂದು ಕೇಳಿದ್ದೀಯ. ಅದರ ಮರುಸಾಲಿನಲ್ಲೇ ‘ನನ್ನಿಂದ ಆಗಲಾರದು’ ಎಂದೂ ಬರೆದಿದ್ದೀಯ. ಆ ಸಾಲನ್ನು ನಾನು ಹಲವು ಸಲ ಓದಿದೆ. ಏಕೆ ಆಗಲಾರದು ಎಂಬುದಕ್ಕೆ ಒಂದು ಕಾರಣವೂ ಅದರಲ್ಲಿ ಇರಲಿಲ್ಲ. ಕಾರಣವಿಲ್ಲದ ಅಂಜಿಕೆಗೆ ನಾನು ಸಮಾಧಾನ ಹೇಳಲಾರೆ, ಮಗಳೇ. ಅದನ್ನು ಮೊದಲು ಲೆಕ್ಕದ ಪುಸ್ತಕಕ್ಕೆ ಇಳಿಸು.

ನನ್ನ ಅನುಭವದಿಂದಲೇ ಇದನ್ನು ಹೇಳುತ್ತಿದ್ದೇನೆ. ನಿನ್ನ ದೊಡ್ಡಪ್ಪ ಹೋದ ಮೇಲೆ ನಾನು ಸಂಡಿಗೆ, ಹಪ್ಪಳ ಮಾಡಿ ಮಾರತೊಡಗಿದಾಗ, ಮೊದಲ ವರ್ಷದ ಸರಕಿನ ಹೆಚ್ಚಿನ ಪಾಲನ್ನು ಪೇಟೆಯ ಒಬ್ಬ ವ್ಯಾಪಾರಿಗೆ ಉದ್ರಿ ಕೊಟ್ಟೆ. ಆತ ದೀಪಾವಳಿಯವರೆಗೂ ಹಣ ಕೊಡಲಿಲ್ಲ, ಆಮೇಲೆ ಕೊಟ್ಟದ್ದೂ ಪೂರ್ತಿಯಲ್ಲ. ವ್ಯಾಪಾರ ನನಗೆ ಹೇಳಿಸಿದ್ದಲ್ಲವೆಂದು ಆಗ ಎಷ್ಟು ಅತ್ತೆನೋ! ವರ್ಷಗಳ ನಂತರ ತಿಳಿಯಿತು, ಅಂದು ಸೋತದ್ದು ನನ್ನ ಶಕ್ತಿಯಲ್ಲ. ಎಷ್ಟು ಕೊಟ್ಟೆ, ಯಾವ ದಿನ ಕೊಟ್ಟೆ ಎಂದು ನಾನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಆ ಬರೆದಿಡುವ ವಿದ್ಯೆ ನಿನಗೆ ಇದೆ. ಜಮಾ-ಖರ್ಚು ತಾಳೆ ನೋಡಿದ ಕೈ ಹನ್ನೊಂದು ವರ್ಷದಲ್ಲಿ ಅದನ್ನು ಮರೆಯುವುದಿಲ್ಲ.

ಹಲಸಿನ ಹಪ್ಪಳದಲ್ಲಿ ನಿಜವಾಗಿ ಅಂಜಬೇಕಾದ ಸಂಗತಿ ಬೇರೆಯೇ ಇದೆ. ಕಾಯಿ ಬಲಿತಿರಬೇಕು, ಆದರೆ ಹಣ್ಣಾಗಿರಬಾರದು. ತೊಳೆ ಬೇಯಿಸಿ, ಕುಟ್ಟಿ, ಉಂಡೆ ಮಾಡಿ ಒತ್ತಿದ ಹಪ್ಪಳಕ್ಕೆ ಗಟ್ಟಿ ಬಿಸಿಲು ಬೇಕು. ನಮ್ಮ ಮಲೆನಾಡಿನಲ್ಲಿ ಇವೆರಡೂ ಕೂಡಿ ಬರುವುದು ಮಳೆ ಹಿಡಿಯುವ ಮುಂಚಿನ ಕೆಲವೇ ವಾರಗಳಲ್ಲಿ. ವರ್ಷವಿಡೀ ಮಾರಬೇಕಾದ ಸರಕನ್ನು ಆ ವಾರಗಳಲ್ಲೇ ಮಾಡಿ ಮುಗಿಸಬೇಕಾಗುವುದರಿಂದ, ಕಾಯಿಗೆ, ಕೂಲಿಗೆ, ಡಬ್ಬಿ-ಪೊಟ್ಟಣಗಳಿಗೆ ಕೊಟ್ಟ ಹಣವೆಲ್ಲ ಒಮ್ಮೆಲೇ ಕೈಬಿಟ್ಟು ಹೋಗಿ, ಚೂರುಚೂರಾಗಿ ಹಿಂದಿರುಗುತ್ತದೆ. ಈ ಉದ್ಯಮಗಳು ಬೀಳುವುದು ಹೆಚ್ಚಾಗಿ ಇಲ್ಲಿಯೇ, ರುಚಿಯಲ್ಲಲ್ಲ. ಮನೆಯ ಒಡವೆ ಅಡವಿಟ್ಟು ಆ ಹಣ ಹೊಂದಿಸಬೇಡ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ, ಬ್ಯಾಂಕಿನಲ್ಲಿ ವಿಚಾರಿಸು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಆ ಅಕ್ಕನ ಹೆಸರಿನಲ್ಲಿದ್ದರೆ ಅದನ್ನೇ ನೆಚ್ಚಬೇಡ, ನಿನ್ನ ಹೆಸರಿನಲ್ಲಿ ಮಾಡಿಸು.

ಬಿಸಿಲಿನ ಈ ತೊಡಕು ನಮಗೊಬ್ಬರಿಗೇ ಬಂದದ್ದಲ್ಲ. 1959ರಲ್ಲಿ ಮುಂಬಯಿಯ ಗಿರ್ಗಾಂವಿನಲ್ಲಿ ಏಳು ಮಂದಿ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ತಂದು, ನಷ್ಟದಲ್ಲಿದ್ದ ಒಂದು ಹಪ್ಪಳದ ಉದ್ಯಮವನ್ನೇ ವಹಿಸಿಕೊಂಡು, ಮೊದಲಿಗೆ ನಾಲ್ಕೇ ಪೊಟ್ಟಣ ಮಾಡಿದರು. ಮೊದಲ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಅವರು ಒಂದು ಮಂಚ, ಒಂದು ಒಲೆ ಕೊಂಡರು. ಹಪ್ಪಳ ಮಂಚದ ಮೇಲೆ, ಒಲೆ ಮಂಚದ ಕೆಳಗೆ. ಇಂದಿನ ಲಿಜ್ಜತ್ ಹಪ್ಪಳ ಅವರದೇ. ಅವರ ದೊಡ್ಡ ಗೆಲುವಿಗಿಂತ ಆ ಮಂಚದ ಮಾತೇ ನನಗೆ ಹೆಚ್ಚು ಪ್ರಿಯ. ಮಳೆ ಬಂತೆಂದು ತಮ್ಮನ್ನು ತಾವು ಹಳಿದುಕೊಳ್ಳದೆ, ಹಪ್ಪಳ ಒಣಗಿಸುವ ದಾರಿ ಹುಡುಕಿದರಲ್ಲ!

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಒಂದು ದಿನ ಗಡಿಯಾರ ನೋಡಿಕೊಂಡು ನೂರು ಹಪ್ಪಳ ಮಾಡು, ನಿನಗೆ ಎಷ್ಟು ಹೊತ್ತು ಹಿಡಿಯಿತೆಂದು ಬರೆ, ಹೊರಗಿನ ಹೆಂಗಸಿಗೆ ಕೊಡುವ ಕೂಲಿಯನ್ನೇ ನಿನ್ನ ಹೊತ್ತಿಗೂ ಕಟ್ಟಿ, ಆಮೇಲೆ ಬೆಲೆ ಇಡು. ಮನೆಯವಳ ದುಡಿಮೆಗೆ ಬೆಲೆಯಿಲ್ಲವೆಂಬ ಅಭ್ಯಾಸ ನಮ್ಮ ಮನೆಗಳಲ್ಲಿ ಎಷ್ಟು ಆಳವಾಗಿದೆಯೆಂದರೆ, ನಾವೇ ನಮ್ಮ ಕೂಲಿಯನ್ನು ಬಿಟ್ಟು ಲಾಭ ಎಣಿಸುತ್ತೇವೆ. ನಾನು ಆರು ವರ್ಷ ಹಾಗೆ ಎಣಿಸಿದೆ, ಅದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಬರುವ ಭಾನುವಾರ ಇಲ್ಲಿಗೆ ಬಾ. ಬರುವ ಮೊದಲು ಆ ಅಕ್ಕನಿಂದ ಹಿಂದಿನ ಎರಡು ವರ್ಷಗಳ ಪುಸ್ತಕವನ್ನೂ, ಅಂಗಡಿಗಳಿಂದ ಬರಬೇಕಾದ ಬಾಕಿಯ ಪಟ್ಟಿಯನ್ನೂ ಕೇಳಿ ತಾ. ಹಳೆಯ ಬಾಕಿ ಯಾರದೆಂದು ಮಾತಾಗದೆ ಮುಂಗಡ ಕೊಡಬೇಡ. ಅವರು ಪುಸ್ತಕವೇ ಇಟ್ಟಿಲ್ಲವೆಂದರೆ ಅದೂ ಒಂದು ಉತ್ತರವೇ, ಆಗ ಬೆಲೆಯನ್ನು ಬೇರೆ ರೀತಿ ಮಾತಾಡೋಣ. ಮಗುವನ್ನೂ ಕರೆದುಕೊಂಡು ಬಾ. ಹಿತ್ತಿಲ ಹಲಸಿನಲ್ಲಿ ಮಿಡಿ ಕಚ್ಚಿದೆ; ಬಲಿಯುವುದಕ್ಕೆ ಇನ್ನೂ ಸಮಯವಿದೆ.

ಇತಿ ನಿನ್ನ
ದೊಡ್ಡಮ್ಮ