ಅಡ್ಡಹೆಸರು ಕೇಳಿ ಕೊಡುವ ಬಾಡಿಗೆ ಮನೆ

ಮಾನ್ಯ ಸಂಪಾದಕರಿಗೆ,

ಕಾರವಾರ, ಶಿರಸಿಯಲ್ಲಿ ಬಾಡಿಗೆ ಮನೆಗೆ ಫೋನ್ ಮಾಡಿದವರಿಗೆ ಸಂಬಳಕ್ಕಿಂತ ಮೊದಲು ಅಡ್ಡಹೆಸರಿನ ಪ್ರಶ್ನೆ ಎದುರಾಗುವುದುಂಟು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯಿಂದ ಓದಿಗೋ ಕೆಲಸಕ್ಕೋ ಬರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಯುವಜನರಲ್ಲಿ ಬಹುಪಾಲು ಜನರ ಅಡ್ಡಹೆಸರೇ ಸಮುದಾಯದ ಹೆಸರು. ಹೆಸರು ದಾಟಿದರೂ ಮನೆ ನೋಡಲು ಹೋದಾಗ ಬಣ್ಣ, ಗುಂಗುರು ಕೂದಲು ದಾಟಲು ಬಿಡುವುದಿಲ್ಲ. ‘ನಿನ್ನೆಯೇ ಕೊಟ್ಟಾಯ್ತು’ ಅಥವಾ ‘ವೆಜ್‌ನವರಿಗೆ ಮಾತ್ರ’ ಎಂಬ ಉತ್ತರ. (ಬಂಗಡೆ ಸಾರು ಉಣ್ಣುವ ಮಾಲೀಕರೂ ಎರಡನೆಯದನ್ನು ಹೇಳುತ್ತಾರೆ.) ಹೀಗೆ ತಿರುಗಿಬಂದವರೆಲ್ಲ, ಕೊಡಲು ಒಪ್ಪುವ ಕೆಲವೇ ಮನೆಗಳಿಗೆ ಮುಗಿಬೀಳುತ್ತಾರೆ, ಅಲ್ಲಿ ಅಡ್ವಾನ್ಸ್ ಏರುತ್ತದೆ, ಸೋರುವ ಮಾಡು ಹಾಗೇ ಉಳಿಯುತ್ತದೆ.

ಅಮೆರಿಕದಲ್ಲಿ 1930ರ ದಶಕದಲ್ಲಿ ಕರಿಯರ ಬಡಾವಣೆಗಳನ್ನು ನಕ್ಷೆಯಲ್ಲಿ ಕೆಂಪು ಬಳಿದು, ಸಾಲಕ್ಕೆ ಅಪಾಯದ ಜಾಗ ಎಂದು ಸರ್ಕಾರಿ ಸಂಸ್ಥೆಯೇ ಗುರುತಿಸಿತ್ತು. ಅಲ್ಲಿಯ 1968ರ ವಸತಿ ಕಾಯ್ದೆ, ಮನೆ ಖಾಲಿಯಿದ್ದೂ ಜನಾಂಗ ನೋಡಿ ‘ಇಲ್ಲ’ ಎನ್ನುವುದನ್ನೇ ಹೆಸರಿಸಿ ನಿಷೇಧಿಸಿದೆ. ಮಾಲೀಕರೂ ವಾಸಿಸುವ, ನಾಲ್ಕಕ್ಕಿಂತ ಹೆಚ್ಚು ಸಂಸಾರಗಳಿಲ್ಲದ ಕಟ್ಟಡಕ್ಕೆ ಆ ಕಾಯ್ದೆಯಲ್ಲಿ ವಿನಾಯಿತಿ ಉಂಟು. ಆದರೆ ಇಂಥವರಿಗೆ ಮಾತ್ರ ಎಂದು ಜಾಹೀರಾತು ಕೊಡಲು ಅವರಿಗೂ ಅನುಮತಿಯಿಲ್ಲ.

ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿಗಳನ್ನು ಹೇಳುತ್ತದೆ. ಬಾಡಿಗೆ ಮನೆಯನ್ನು ಹೇಳುವುದಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ವಾಸಕ್ಕೆ ಅಡ್ಡಿಪಡಿಸಿದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮು ಅನ್ವಯಿಸುತ್ತದೆ. ಸಿದ್ದಿಯರು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ 2003ರಿಂದ ಪರಿಶಿಷ್ಟ ಪಂಗಡದವರು. ಅವರಿಗೆ ಇರುವ ದಾರಿ 1989ರ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ. ಸಾಮಾಜಿಕ, ಆರ್ಥಿಕ ಬಹಿಷ್ಕಾರ ಅದರಡಿ ಅಪರಾಧವಾದದ್ದು 2015ರ ತಿದ್ದುಪಡಿಯಿಂದ. ಒಂದೇ ನಿರಾಕರಣೆಯನ್ನು ಬಹಿಷ್ಕಾರವೆಂದು ಸಾಬೀತುಪಡಿಸುವುದು ಸುಲಭವಲ್ಲ. ಪರಿಶಿಷ್ಟ ಪಂಗಡಕ್ಕೆ ಸೇರದ ಮುಸ್ಲಿಂ ಬಾಡಿಗೆದಾರರಿಗಂತೂ ಈ ಎರಡು ಕಾಯ್ದೆಗಳೂ ಒದಗುವುದಿಲ್ಲ.

ದೂರುಗಳು ಸೋಲುವುದು ಪುರಾವೆ ಇಲ್ಲದೆ, ಏಕೆಂದರೆ ಎಲ್ಲವೂ ಬಾಯಿಮಾತಿನಲ್ಲೇ ಮುಗಿದಿರುತ್ತದೆ. ‘ಬಾಡಿಗೆಗೆ ಇದೆ’ ಬೋರ್ಡಿನ ಫೋಟೊ ತೆಗೆದಿಡಿ. ಇಲ್ಲವೆಂದರೆ ಕಾರಣವನ್ನು ವಾಟ್ಸ್‌ಆ್ಯಪ್‌ನಲ್ಲಿ ಕೇಳಿ. ಗಂಟೆಯೊಳಗೆ ಬೇರೆ ಅಡ್ಡಹೆಸರಿನ ಗೆಳೆಯರೊಬ್ಬರಿಂದ ಅದೇ ಮನೆಗೆ ಫೋನ್ ಮಾಡಿಸಿ. ಉದ್ಯೋಗ, ಸಂಬಳ, ವಾಸಿಸುವವರ ಸಂಖ್ಯೆ ಇಬ್ಬರದೂ ಒಂದೇ ಇರಲಿ. ಒಬ್ಬರು ಬ್ಯಾಚುಲರ್, ಇನ್ನೊಬ್ಬರು ಸಂಸಾರಸ್ಥರಾದರೆ ಹೋಲಿಕೆಯೇ ಬಿದ್ದುಹೋಗುತ್ತದೆ. ಎರಡು ದಿನ ಬಿಟ್ಟು ಮಾಡಿಸಿದರೆ ‘ಆಗ ಮಾತು ಕೊಟ್ಟಿದ್ದೆ, ಅವರು ಬರಲಿಲ್ಲ’ ಎಂದು ಮಾಲೀಕರು ಜಾರಿಕೊಳ್ಳಬಹುದು.

ದೌರ್ಜನ್ಯ ತಡೆ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಬಾಡಿಗೆ ಮನೆಯನ್ನೂ ಸೇರಿಸಿ, ಇಂಥ ಜೋಡಿ ಫೋನಿನ ಪರೀಕ್ಷೆಯನ್ನು ಸಮಿತಿಯೇ ಕಾರವಾರ, ಶಿರಸಿಯಲ್ಲಿ ಮಾಡಿಸಲಿ.

– ಕೆಲವು ವಕೀಲರು, ಕಾರವಾರ