ಕಲ್ಲು ಕೊಯ್ಯುವವರ ಕೆಮ್ಮಿಗೆ ಬೀಡಿಯೊಂದೇ ಕಾರಣವಲ್ಲ

ಮಾನ್ಯ ಸಂಪಾದಕರೇ,

ಶಿರಸಿ ಸುತ್ತಮುತ್ತ ಈಗ ಹೊಸ ಮನೆ ಎಂದರೆ ಅಡುಗೆ ಕಟ್ಟೆಗಾದರೂ ಗ್ರಾನೈಟ್ ಬೇಕೇ ಬೇಕು. ಮಳೆಗಾಲವಾದರೆ ಕಲ್ಲು ಕೊಯ್ಯುವುದೂ ಮನೆಯೊಳಗೇ. ಮೊನ್ನೆ ಪಕ್ಕದ ಮನೆಯಲ್ಲಿ ಹುಡುಗನೊಬ್ಬ ಮೂಗಿಗೆ ಟವೆಲ್ ಸುತ್ತಿಕೊಂಡು ಸಿಂಕಿನ ಜಾಗ ಕೊಯ್ಯುತ್ತಿದ್ದ. ಚಹಾಕ್ಕೆಂದು ಟವೆಲ್ ಬಿಚ್ಚಿದಾಗ ಮೂಗಿನ ಹೊಳ್ಳೆಯ ಒಳಗೂ ಬಿಳಿ ಪುಡಿ ಮೆತ್ತಿತ್ತು.

ಗ್ರಾನೈಟ್ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದರ ಅತಿ ಸಣ್ಣ ಕಣ ಕಣ್ಣಿಗೇ ಕಾಣುವುದಿಲ್ಲ, ಟವೆಲ್ಲಿಗೆ ಅದನ್ನು ತಡೆಯುವ ಶಕ್ತಿಯೂ ಇಲ್ಲ. ಶ್ವಾಸಕೋಶದ ಆಳಕ್ಕೆ ಹೋಗಿ ಕೂತರೆ ಅಲ್ಲಿ ಗಾಯವಾಗಿ ಕಲೆಗಟ್ಟುತ್ತದೆ. ಅದೇ ಸಿಲಿಕೋಸಿಸ್. ಸಾಮಾನ್ಯವಾಗಿ 10 ವರ್ಷ ಕಳೆದ ಮೇಲೆ ಗೊತ್ತಾಗುತ್ತದೆ, ಧೂಳು ವಿಪರೀತವಿದ್ದರೆ ಇನ್ನೂ ಬೇಗ. ವಾಸಿ ಮಾಡುವ ಔಷಧ ಇಲ್ಲ. ಇದು ಇದ್ದವರಿಗೆ ಕ್ಷಯ ಬರುವ ಸಾಧ್ಯತೆಯೂ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಸಿಲಿಕಾ ಧೂಳನ್ನು ಕ್ಯಾನ್ಸರ್‌ಕಾರಕ ಎಂದು ಹೇಳಿದೆ. ಮುಚ್ಚಿದ ಕೋಣೆ, ಒಣ ಕಲ್ಲು, ದಿನವಿಡೀ ಅದೇ ಕೆಲಸ, ಮೇಲಿಂದ ಬೀಡಿ. ಒಂದಕ್ಕೊಂದು ಸೇರಿ ಅಪಾಯ ಏರುತ್ತಲೇ ಹೋಗುತ್ತದೆ. ಕ್ವಾರಿ, ಕ್ರಷರ್‌ಗಳಲ್ಲಿ ದುಡಿಯುವವರ ಪಾಡೂ ಇದೇ.

ನನಗೆ ಸಂಕಟವಾಗುವುದು ಮುಂದಿನದ್ದು. ಕೆಮ್ಮೆಂದು ಆಸ್ಪತ್ರೆಗೆ ಹೋದರೆ ಬೀಡಿ ಸೇದುತ್ತೀಯಾ ಎಂದು ಕೇಳುತ್ತಾರೆ, ಕಫ ಪರೀಕ್ಷೆ ಬರೆಯುತ್ತಾರೆ. ಎರಡೂ ಬೇಕಾದದ್ದೇ. ಆದರೆ ಏನು ಕೆಲಸ, ಎಷ್ಟು ವರ್ಷದಿಂದ ಎಂದು ಕೇಳುವವರು ಕಡಿಮೆ. ಕೇಳದಿದ್ದರೆ ಕಾಯಿಲೆ ಗೊತ್ತಾಗುವುದಾದರೂ ಹೇಗೆ, ಅಲ್ವಾ? 1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸ್ ಅನ್ನು ವೈದ್ಯರು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. ಆದರೆ ಮನೆಯಿಂದ ಮನೆಗೆ, ಇಂದು ಕುಮಟಾ ನಾಳೆ ಸಿದ್ದಾಪುರ ಎಂದು ತಿರುಗುವ ಹುಡುಗನಿಗೆ ಕಾರ್ಖಾನೆ ಎಲ್ಲಿದೆ? ನಾಳೆ ಪರಿಹಾರ ಕೇಳೋಣವೆಂದರೂ ಎಲ್ಲೆಲ್ಲಿ ದುಡಿದ ಎಂಬ ದಾಖಲೆಯೇ ಇರುವುದಿಲ್ಲ.

ನೀರು ಬಿಟ್ಟುಕೊಂಡು ಕೊಯ್ದರೆ ಧೂಳು ತುಂಬಾ ಕಡಿಮೆಯಾಗುತ್ತದೆ. ಶಾಕ್ ಹೊಡೆದೀತು ಎಂದು ಹುಡುಗರು ಹೆದರುತ್ತಾರೆ. ಅದು ಸುಮ್ನೆ ಹೆದರಿಕೆ ಅಲ್ಲ. ನೀರಿನ ಪೈಪ್ ಇರುವ ಕಟ್ಟರನ್ನೇ ತರಿಸಿ, ಇಎಲ್‌ಸಿಬಿ (ಕರೆಂಟ್ ಸೋರಿದ ಕೂಡಲೇ ತಾನಾಗಿಯೇ ಲೈನ್ ಕಡಿಯುವ ಸ್ವಿಚ್) ಇರುವ ಲೈನಿನಿಂದ ಕರೆಂಟ್ ಕೊಡುವುದು ಗುತ್ತಿಗೆದಾರರ ಹೊಣೆ. ಕಟ್ಟೆಯ ಪಾಲಿಶ್ ಬಗ್ಗೆ ಅಷ್ಟು ಚೌಕಾಶಿ ಮಾಡುವ ನಾವು ಮನೆ ಮಾಲೀಕರು ಇದನ್ನೂ ಕೇಳಿ ಮಾಡಿಸಬೇಕು. ಎನ್‌95 ಮಾಸ್ಕ್‌ನ ಖರ್ಚೂ ನಮ್ಮದೇ ಇರಲಿ. ಲೇಬರ್ ಕಾರ್ಡ್ ನವೀಕರಣಕ್ಕೆ ಬರುವ ಕಲ್ಲು ಕೆಲಸದವರಿಗೆ ಎದೆಯ ಎಕ್ಸ್‌ರೇ ಮತ್ತು ಉಸಿರಾಟದ ಪರೀಕ್ಷೆಯನ್ನು ಕಾರ್ಮಿಕ ಇಲಾಖೆ ತಾಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಮಾಡಿಸಲಿ.

ಒಬ್ಬ ಓದುಗ, ಶಿರಸಿ