ಪುಟ್ಟನ ತಲೆಗೆ ತಾಗಿದ ಪೆಟ್ಟು

ಚಿರಂಜೀವಿ ಪುಟ್ಟನಿಗೆ ಮಾವನ ಆಶೀರ್ವಾದಗಳು.

ಟೋಕಿಯೋದಿಂದ ನೀನು ಬರೆದ ಕಾಗದವನ್ನು ಮೂರು ಸಲ ಓದಿದೆ. ಜೂಡೋ ಕಲಿಸುವ ಕೊಡೊಕಾನಿನ ಏಳನೆಯ ಮಹಡಿಯ ಹಜಾರದಲ್ಲಿ ನೀನು ನಿಂತಿರುವುದನ್ನು ನೆನೆದು ಹೆಮ್ಮೆಪಟ್ಟೆ. ಆದರೆ ನಡುವೆ ನೀನು ಹಗುರವಾಗಿ ಬರೆದ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ: ರಾಂದೋರಿಯಲ್ಲಿ, ಅಂದರೆ ಮುಕ್ತ ಅಭ್ಯಾಸದ ಹಿಡಿತದಲ್ಲಿ, ಕಾಲಿಗೆ ಹಿಂದಿನಿಂದ ಕಾಲು ಹಾಕಿ ಕೆಡವುವ ಒಸೊತೊ-ಗಾರಿ ಪಟ್ಟಿಗೆ ಸಿಕ್ಕಿ ಹಿಮ್ಮುಖವಾಗಿ ಬಿದ್ದೆ, ತಲೆ ತಾಗಿ ಸ್ವಲ್ಪ ಹೊತ್ತು ಕಣ್ಣು ಮಂಜಾಯಿತು, ಅತಿಥಿಯಾಗಿ ಬಂದವನು ಪಕ್ಕಕ್ಕೆ ಕೂರುವುದು ಸರಿಯಲ್ಲವೆಂದು ಇನ್ನೂ ಮೂವರೊಡನೆ ಹಿಡಿದೆ ಎಂದು.

ಬಿದ್ದದ್ದಕ್ಕಿಂತ ಆ ಸಂಕೋಚವೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಗರಡಿಯಲ್ಲಿ ನನಗೊಬ್ಬ ಜೊತೆಗಾರನಿದ್ದನೆಂದು ನಿನಗೆ ಎಂದೂ ಹೇಳಿಲ್ಲ. ದಸರಾ ಕುಸ್ತಿಗೆ ತಯಾರಿ ನಡೆಸುತ್ತಿದ್ದ ದಿನಗಳಲ್ಲಿ, ನಾನು ಹಾಕಿದ ಪಟ್ಟಿಗೆ ಅವನು ಮಟ್ಟಿಯ ಮೇಲೆ ತಲೆಯೂರಿ ಬಿದ್ದ. ಎದ್ದು ಮಣ್ಣು ಕೊಡವಿಕೊಂಡು, ತಲೆ ಭಾರವಾಗಿದೆ ಎಂದ. ನಾನು ಇನ್ನೊಂದು ಸಲ ಹಿಡಿ ಎಂದೆ, ವಸ್ತಾದರ ಮುಂದೆ ಒಲ್ಲೆನೆನ್ನಲು ನಾಚಿ ಅವನು ಹಿಡಿದ. ಆ ರಾತ್ರಿ ವಾಂತಿ ಶುರುವಾಯಿತು. ಜೀವ ಉಳಿಯಿತು, ಆದರೆ ಅವನ ಎಡಗೈ ಮೊದಲಿನಂತಾಗಲಿಲ್ಲ. ಅವನ ಮನೆಯ ಮುಂದೆ ಹಾದುಹೋಗುವಾಗ ಇಂದಿಗೂ ನನ್ನ ನಡಿಗೆ ನಿಧಾನವಾಗುತ್ತದೆ.

ತಲೆ ಹಿಂದಕ್ಕೆ ಜೋರಾಗಿ ಎಸೆಯಲ್ಪಟ್ಟಾಗ ಮಿದುಳಿನ ಮೇಲಿನ ರಕ್ತನಾಳ ಹರಿದು, ರಕ್ತ ಗಂಟೆಗಳ ನಂತರವೂ ತುಂಬಿಕೊಳ್ಳಬಹುದು ಎಂದು ವೈದ್ಯರು ಆಗ ಹೇಳಿದ್ದರು. ಮೊದಲ ಪೆಟ್ಟು ಮಾಯುವ ಮುನ್ನ ಬೀಳುವ ಎರಡನೆಯದು ಇನ್ನೂ ಕೆಟ್ಟದ್ದು. ನೀನು ಮೂರು ಸಲ ಆ ಎರಡನೆಯ ಪೆಟ್ಟಿಗೆ ತಲೆಯೊಡ್ಡಿದ್ದೀಯೆ.

ಜೂಡೋ ನನ್ನ ವಿದ್ಯೆಯಲ್ಲ, ಆದ್ದರಿಂದ ಅಧಿಕಾರದಿಂದ ಹೇಳಲಾರೆ. ಆದರೂ, 1882ರಲ್ಲಿ ಏಶೋಜಿ ದೇವಾಲಯದಲ್ಲಿ 12 ಚಾಪೆಗಳ ಮೇಲೆ ಆ ವಿದ್ಯೆಯನ್ನು ಆರಂಭಿಸಿದ ಕಾನೊ ಜಿಗೊರೊ ಅವರು ಅಪಾಯದ ಪಟ್ಟುಗಳನ್ನು ರಾಂದೋರಿಯಿಂದ ತೆಗೆದು ಮೊದಲೇ ಗೊತ್ತುಪಡಿಸಿದ ಕ್ರಮದಲ್ಲಿ ಮಾಡುವ ಕಾತಾದಲ್ಲಷ್ಟೇ ಉಳಿಸಿಕೊಂಡರು, ಎದುರಾಳಿಯ ಏಳಿಗೆಯನ್ನೂ ಗುರಿಯಾಗಿ ಹೇಳಿದರು. ನಿನಗೆ ಏನಾದರೂ ಆದರೆ ನಿನ್ನನ್ನು ಎಸೆದ ಆ ಹುಡುಗ ನನ್ನಂತೆಯೇ ಬದುಕಬೇಕಾಗುತ್ತದೆ. ಅತಿಥಿಯಾದವನು ಆತಿಥೇಯನಿಗೆ ಅಂಥ ಭಾರ ಹೊರಿಸಬಾರದಲ್ಲವೇ?

ನಿನಗೆ ಗೊತ್ತಿರುವುದೇ ಇರಬಹುದು, ಆದರೂ ಬರೆಯುತ್ತೇನೆ. ಬೀಳುವಾಗ ಗದ್ದವನ್ನು ಎದೆಗೊತ್ತಿ ನಿನ್ನ ಸೊಂಟದ ಪಟ್ಟಿಯ ಗಂಟನ್ನೇ ನೋಡು. 'ಅತಮಾ ಒ ಉಚಿಮಾಶಿತ', ತಲೆಗೆ ಪೆಟ್ಟಾಯಿತು ಎಂಬ ಆ ಮಾತನ್ನು ನಿನ್ನ ಗುರುಗಳಾದ ಸೆನ್ಸೇಯವರಿಗೆ ಹೇಳಲು ಹಿಂಜರಿಯಬೇಡ. ತಲೆನೋವು ಹೆಚ್ಚಿದರೆ, ವಾಂತಿಯಾದರೆ, ಮಾತು ತೊದಲಿದರೆ ರಾತ್ರಿಯೆಂದು ನೋಡದೆ ಅಲ್ಲಿನ ಆಂಬುಲೆನ್ಸ್ ಸಂಖ್ಯೆ 119ಕ್ಕೆ ಕರೆ ಮಾಡು. ಪ್ರಯಾಣದ ವಿಮೆಯಲ್ಲಿ ಇಂಥ ಆಟದ ಗಾಯ ಸೇರಿದೆಯೇ ಎಂದೂ ನೋಡಿಕೊ. ಮುದುಕನ ಕಿರಿಕಿರಿಯೆಂದು ಬೇಸರಿಸಬೇಡ.

ವೈದ್ಯರು ನೋಡಿ ಸರಿಯೆನ್ನುವವರೆಗೆ ಚಾಪೆಯ ಮೇಲೆ ಕಾಲಿಡಬೇಡ. ಅಲ್ಲಿ ಉಳಿದಿರುವ ದಿನಗಳು ಕಡಿಮೆ ಎಂಬುದು ನನಗೂ ಗೊತ್ತು. ನಿನ್ನ ಅಮ್ಮನಿಗೆ ನಾನಿನ್ನೂ ಏನೂ ಹೇಳಿಲ್ಲ. ವೈದ್ಯರು ಏನೆಂದರೆಂದು ಒಂದೇ ಸಾಲಾದರೂ ಬರೆ, ಕಾಯುತ್ತಿರುತ್ತೇನೆ.

ನಿನ್ನ ಸೋದರಮಾವ